ಬೋರಯ್ಯ ಬಿಟ್ಟುಕೊಟ್ಟ ಗುರುವಾರ

ಹಾನುಬಾಳಿನಿಂದ ಸಕಲೇಶಪುರಕ್ಕೆ ನಾನು ಜೀಪು ಓಡಿಸುತ್ತಿದ್ದ ಕಾಲದಲ್ಲಿ ನನ್ನ ತಲೆ ತಿಂದವರು ಬೇಕಾದಷ್ಟು ಜನ. ಅವರಲ್ಲಿ ಬೋರಯ್ಯನಿಗೇ ಮೊದಲ ಜಾಗ. ಮನುಷ್ಯ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಕಡೆ ಕೂರುವವನಲ್ಲ. ಒಳಗೆ ಸೀಟು ಖಾಲಿ ಇದ್ದರೂ ಹಿಂದೆ ಕಂಬಿ ಹಿಡಿದು ನೇತಾಡುವನು. ಹೋಟೆಲಿನಲ್ಲಿ ಒಂದು ಲೋಟ ಕಾಫಿ ಕೊಡಿಸಿದರೆ ಅದನ್ನು ಕುಡಿದು ಮುಗಿಸುವ ಮೊದಲೇ "ನಾಳೇದು ನಂದು" ಅನ್ನುವನು. ಮಾರನೆಯ ದಿನ ಜ್ವರ ಬಂದು ಮಲಗಿದ್ದರೂ ಕಂಬಳಿ ಹೊದ್ದು ಎದ್ದು ಬಂದು ಕೊಡಿಸಿಯೇ ಹೋಗುವನು. ಯಾರ ಋಣವೂ ತನ್ನ ಮೇಲೆ ರಾತ್ರಿ ಕಳೆಯಬಾರದು ಎಂಬ ಹಟ. ಇಂಥವನ ಜೊತೆ ಸಂಸಾರ ಮಾಡಿದ ಮಾದೇವಮ್ಮನಿಗೆ ನಾನು ಮನಸ್ಸಿನಲ್ಲೇ ಎಷ್ಟೋ ಸಲ ಕೈ ಮುಗಿದಿದ್ದೇನೆ.

ಅವನಿಗಿದ್ದದ್ದು ಸ್ವಲ್ಪ ಕಾಫಿ ತೋಟ, ತೋಟದ ಕೆಳಗಿನ ತಗ್ಗಿನಲ್ಲಿ ಒಂದಿಷ್ಟು ಗದ್ದೆ. ನಮ್ಮ ಕಡೆ ನಾಟಿಗೆ ಕೂಲಿ ಕೊಟ್ಟು ಜನ ಕರೆಸುವುದು ಎಸ್ಟೇಟಿನವರು. ಬೋರಯ್ಯನಂಥ ಸಣ್ಣ ಗದ್ದೆಯವರು ಮುಯ್ಯಾಳಿನಲ್ಲೇ ನೆಡಬೇಕು. ಇವತ್ತು ನಿನ್ನ ಮನೆಯವರು ನನ್ನ ಗದ್ದೆಗೆ ಬಂದು ದುಡಿದರೆ, ನಾಳೆ ನನ್ನ ಮನೆಯವರು ನಿನ್ನ ಗದ್ದೆಗೆ ಬಂದು ಅಷ್ಟೇ ದುಡಿಯುತ್ತಾರೆ. ಕೂಲಿ ಇಲ್ಲ, ಮಧ್ಯಾಹ್ನ ಊಟ ಮಾತ್ರ. ಮುಯ್ಯಾಳು ತಪ್ಪಿಸಿದವನನ್ನು ಯಾರೂ ಬೈಯುವುದಿಲ್ಲ, ಮುಂದಿನ ವರ್ಷ ಅವನ ಗದ್ದೆಗೆ ಯಾರೂ ಹೋಗುವುದಿಲ್ಲ, ಅಷ್ಟೇ. ಬೋರಯ್ಯ ಜನ್ಮದಲ್ಲಿ ಒಂದು ದಿನ ತಪ್ಪಿಸಿದವನಲ್ಲ. ಆ ಹೆಮ್ಮೆಯೇ ಅವನ ಕುತ್ತಿಗೆಗೆ ಬಂತು ಎಂದು ನನಗೆ ಈಗಲೂ ಸಿಟ್ಟಿದೆ.

ಅವನ ಮಗಳು ಮಧುಶ್ರೀ. ಒಬ್ಬಳೇ ಮಗಳು, ಮದುವೆಯಾಗಿ ಎಷ್ಟೋ ವರ್ಷಕ್ಕೆ ಹುಟ್ಟಿದವಳು. ಶಾಲೆಗೆ ಸೇರಿಸುವ ವಯಸ್ಸಿಗೆ ಬಂದಾಗ ಗದ್ದೆಯಿಂದ ರಸ್ತೆಗೆ ಹತ್ತುವ ಏರಿನಲ್ಲಿ ನಾಲ್ಕು ಹೆಜ್ಜೆ ಇಟ್ಟು ಕುಕ್ಕರುಗಾಲಿನಲ್ಲಿ ಕೂತುಬಿಡುತ್ತಿದ್ದಳು. ತುಟಿ ನೇರಳೆ ಹಣ್ಣು ತಿಂದವರ ಹಾಗೆ ನೀಲಿ. ಬೋರಯ್ಯ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ನನ್ನ ಜೀಪಿನ ತನಕ ಹತ್ತಿ ಬರುತ್ತಿದ್ದ.

ತೊಂಬತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಟ್ರಸ್ಟಿನವರು ಸಕಲೇಶಪುರದ ಶಾಲೆಯೊಂದರಲ್ಲಿ ಮಕ್ಕಳ ಹೃದಯ ತಪಾಸಣೆ ಇಟ್ಟಿದ್ದರು. ನಾನೇ ಇವರನ್ನು ಕರೆದುಕೊಂಡು ಹೋದೆ. ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿ, ಯಂತ್ರದಲ್ಲಿ ನೋಡಿ, ಹೃದಯದಲ್ಲಿ ರಂಧ್ರ ಇದೆ, ಇನ್ನೊಂದು ಮಳೆಗಾಲ ಪೂರ್ತಿ ಕಳೆಯಲು ಬಿಡಬೇಡಿ, ನೆಗಡಿ ಕೆಮ್ಮು ಎದೆಗಿಳಿದರೆ ಕಷ್ಟ ಎಂದರು. ಖರ್ಚೆಲ್ಲ ಟ್ರಸ್ಟಿನದು, ಹಾಸಿಗೆ ಖಾಲಿಯಾದ ಕೂಡಲೇ ಫೋನ್ ಮಾಡುತ್ತೇವೆ, ಮಗುವನ್ನು ಕರೆತಂದರೆ ಸಾಕು ಎಂದರು.

ಮಾದೇವಮ್ಮ ಅಲ್ಲೇ ಅಳಲು ಶುರು ಮಾಡಿದಳು. ಬೋರಯ್ಯ ಕೇಳಿದ್ದು ಒಂದೇ ಪ್ರಶ್ನೆ.

"ದುಡ್ಡು ಕೊಡೋರು ಯಾರು ಅಮ್ಮಾರೇ?"

"ಯಾರೋ ದಾನಿಗಳು. ಅವರ ಹೆಸರು ಹೇಳುವ ಹಾಗಿಲ್ಲ."

"ಊರಾದ್ರೂ ಹೇಳಿ. ನಾವು ಏನಾರ ಕೊಡಬೇಕಲ್ಲ."

"ನೀವು ಏನೂ ಕೊಡಬೇಕಾಗಿಲ್ಲಪ್ಪ," ಎಂದು ಡಾಕ್ಟರಮ್ಮ ನಕ್ಕರು.

ಆ ನಗು ಒಳ್ಳೆಯ ಮನಸ್ಸಿನದೇ. ಆದರೆ ಬೋರಯ್ಯನ ಮುಖ ಸಣ್ಣದಾಯಿತು. ವಾಪಸ್ ಬರುವಾಗ ಜೀಪಿನಲ್ಲಿ ಪಂಚಾಯ್ತಿಯೇ ನಡೆಯಿತು. ಬಿಟ್ಟಿ ಆಪರೇಷನ್ ಅಂದರೆ ಕಲಿಯುವ ಹುಡುಗರ ಕೈಗೆ ಕೊಡುತ್ತಾರೆ ಎಂದು ಒಬ್ಬ. ದೊಡ್ಡವರು ತೆರಿಗೆ ಉಳಿಸಲು ಹೀಗೆ ಮಾಡುತ್ತಾರೆ ಎಂದು ಇನ್ನೊಬ್ಬ. ಇವರಿಬ್ಬರೂ ಸೇರಿ ಆಸ್ಪತ್ರೆ ಕಂಡಿದ್ದು ನಾಯಿ ಕಚ್ಚಿದಾಗ. ಕೊನೆಗೆ ಮಾದೇವಮ್ಮನಿಗೆ ರೇಗಿತು.

"ಕೊಡೋರ ಹೆಸರು ಕಟ್ಕೊಂಡು ನಂಗೇನಾಗ್ಬೇಕು? ದೇವರು ಮಳೆ ಕೊಡ್ವಾಗ ಊರು ಕೇಳಿ ಇಸ್ಕೊತೀರಾ? ನನ್ ಮಗ ಏರು ಹತ್ತಂಗಾದ್ರೆ ಸಾಕು." ನಮ್ಮಲ್ಲಿ ಹೆಣ್ಣು ಮಗುವನ್ನೂ ಮುದ್ದಿಗೆ ಮಗ ಅನ್ನುವುದುಂಟು.

"ಹಂಗಲ್ಲ ಕಣೇ," ಎಂದ ಬೋರಯ್ಯ ಹಿಂದಿನಿಂದ, ಕಂಬಿ ಹಿಡಿದುಕೊಂಡೇ. "ಮುಖ ಕಾಣದೋರ ಹತ್ರ ಇಸ್ಕೊಂಡ್ರೆ ತಿರುಗಿಸೋದು ಯಾರಿಗೆ?"

ಅಲ್ಲಿಂದ ಮುಂದೆ ಅವನಿಗೆ ನಿದ್ದೆ ಹೋಯಿತು ಎಂದು ಮಾದೇವಮ್ಮ ಹೇಳುತ್ತಿದ್ದಳು. ಉಣ್ಣುತ್ತಾ ಎದ್ದು ಹೊರಗೆ ಹೋಗುವನು. ತೋಟಕ್ಕೆ ಹೋಗಿ ಕತ್ತಿ ಮರೆತು ಬರುವನು. ದಿನಾ ಹಾನುಬಾಳಿಗೆ ಬಂದು ಟೆಲಿಫೋನ್ ಬೂತಿನ ಮುಂದೆ ಆ ಕಡೆಯಿಂದ ಈ ಕಡೆಗೆ ನಡೆದಾಡುವನು. ಆಸ್ಪತ್ರೆಯವರಿಗೆ ಕೊಟ್ಟಿದ್ದು ಆ ಬೂತಿನ ನಂಬರನ್ನೇ.

ಜುಲೈನಲ್ಲಿ ಮಳೆ ಹಿಡಿಯಿತು, ನಾಟಿ ಶುರುವಾಯಿತು. ಮಗುವಿಗೆ ಕೆಮ್ಮು ಬಂದು ಹೋಗಿ ಮಾಡುತ್ತಿತ್ತು. ಒಂದು ಮಂಗಳವಾರ ನಾನು ಬೂತಿನ ಎದುರು ಜೀಪು ನಿಲ್ಲಿಸಿ ಜನ ತುಂಬಿಸುತ್ತಿದ್ದಾಗ ಫೋನ್ ಬಂತು. ಬೋರಯ್ಯ ಒಳಗೆ ಹೋದ. ತಗಡಿನ ಮೇಲೆ ಮಳೆ ಹೊಯ್ಯುತ್ತಿದ್ದರಿಂದ ಅವನು ಕೂಗಿ ಕೂಗಿ ಮಾತಾಡಿದ್ದು ಕಂಡಿತೇ ಹೊರತು ಕೇಳಿಸಲಿಲ್ಲ. ಹೊರಗೆ ಬಂದು, "ಶನಿವಾರ ಬರಕ್ಕೆ ಹೇಳವ್ರೆ ಕಣೋ ಜಯಾ, ನೀನೂ ನಮ್ ಜೊತೆ ಬಾ," ಎಂದ. ಮನೆಯಲ್ಲಿ ಮಾದೇವಮ್ಮನಿಗೂ ಅಷ್ಟೇ ಹೇಳಿದ.

ನಿಜ ಏನೆಂದರೆ, ಅವರು ಕರೆದಿದ್ದು ಗುರುವಾರ. ಆ ಗುರುವಾರ ಪಕ್ಕದ ಮನೆಯ ಪರಮಶಿವಯ್ಯನ ನಾಟಿ ಇತ್ತು. ಹಿಂದಿನ ವಾರ ಪರಮಶಿವಯ್ಯನ ಮನೆಯವರೆಲ್ಲ ಬಂದು ಬೋರಯ್ಯನ ಗದ್ದೆ ನೆಟ್ಟುಕೊಟ್ಟಿದ್ದರು, ಅದಕ್ಕೆ ಇವನು ಮುಯ್ಯಾಳು ಹೋಗಬೇಕಿತ್ತು. ಹೆಸರಿಲ್ಲದವನು ಬಿಟ್ಟಿ ಕೊಡುವುದಕ್ಕೆ ಓಡಿಹೋಗಿ, ಕೆಸರಿನಲ್ಲಿ ನಿಂತು ದುಡಿದುಕೊಟ್ಟವರ ದಿನ ತಪ್ಪಿಸುವುದು ಅವನಿಗೆ ಸರಿ ಕಾಣಲಿಲ್ಲ. ನಾಟಿಯ ದಿನವನ್ನು ನಾವು ಮಾತಾಡಿಕೊಂಡು ಹಿಂದೆ ಮುಂದೆ ಮಾಡುತ್ತೇವೆ. ಆಸ್ಪತ್ರೆಯ ದಿನವೂ ಹಾಗೇ ಎಂದು ತಿಳಿದ. ಫೋನಿನಲ್ಲಿ "ನಾಟಿ ಐತೆ ಸಾರ್, ಶನಿವಾರ ಬಂದ್ಬುಡ್ತೀವಿ" ಎಂದ. ಆ ಕಡೆಯವರು "ನೋಡೋಣ, ಬನ್ನಿ" ಎಂದದ್ದನ್ನು ಒಪ್ಪಿಗೆ ಎಂದುಕೊಂಡ. ಒಂದು ಮಾತು ಪರಮಶಿವಯ್ಯನಿಗೆ ಹೇಳಿದ್ದರೆ ಅವನೇ ಕುತ್ತಿಗೆ ಹಿಡಿದು ಬಸ್ಸು ಹತ್ತಿಸುತ್ತಿದ್ದ. ಈ ಮಹಾರಾಯ ಬಾಯಿ ಬಿಡಲಿಲ್ಲ, ಗುರುವಾರ ಇಡೀ ದಿನ ಮಳೆಯಲ್ಲಿ ಸಸಿ ಹೊತ್ತ.

ಶನಿವಾರ ಬೆಂಗಳೂರಿನ ಆಸ್ಪತ್ರೆಯ ಬಾಗಿಲಿಗೆ ನಾವು ನಾಲ್ವರು ಹೋದೆವು, ಜೊತೆಗೆ ಒಂದು ದೊಡ್ಡ ಹಲಸಿನ ಹಣ್ಣು. ಯಾರಿಗಾದರೂ ಕೊಡಲೇಬೇಕಲ್ಲ! ಕಾವಲಿನವನು ಹಣ್ಣನ್ನು ಒಳಗೆ ಬಿಡಲಿಲ್ಲ. ಅದನ್ನು ಮೆಟ್ಟಿಲ ಕೆಳಗಿಟ್ಟು ಮೇಲೆ ಹೋದರೆ ನರ್ಸಮ್ಮ ಹೆಸರು ಕೇಳಿ, "ನೀವು ಗುರುವಾರ ಬರಬೇಕಿತ್ತಲ್ಲ. ನಿಮ್ಮ ಹಾಸಿಗೆ ಬೇರೆ ಮಗುವಿಗೆ ಕೊಟ್ಟಾಯ್ತು. ಇನ್ನು ಖಾಲಿ ಆಗೋತನಕ ಕಾಯಬೇಕು," ಎಂದರು.

ಮಾದೇವಮ್ಮ ಗಂಡನ ಕಡೆ ತಿರುಗಿದಳು. ಅವಳಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ.

"ಪರಮಶಿವಯ್ಯನ ನಾಟಿಗೋಸ್ಕರವಾ?"

ಬೋರಯ್ಯ ಮಗುವನ್ನು ಎತ್ತಿಕೊಂಡ.

"ಮಗೀಗಿಂತ ಅವರ ಗದ್ದೆ ಹೆಚ್ಚಾಯ್ತಾ ನಿಮ್ಗೆ? ಇವ್ಳಿಗೆ ಏನಾರ ಆದ್ರೆ ನಿಮ್ ಮುಯ್ಯಾಳು ಬಂದು ಉಸಿರು ಕೊಡ್ತಾರಾ?"

ಕಾರಿಡಾರಿನಲ್ಲಿ ಕೂತಿದ್ದ ಎಲ್ಲ ತಂದೆ ತಾಯಿಯರೂ ತಲೆ ಎತ್ತಿ ನೋಡಿದರು. ಆಗ ಒಬ್ಬ ಹೆಂಗಸು ಎದ್ದು ಬಂದಳು. ಸಕಲೇಶಪುರದ ತಪಾಸಣೆಯಲ್ಲಿ ನಮ್ಮ ಹಿಂದೆಯೇ ಸರದಿಯಲ್ಲಿ ನಿಂತಿದ್ದವಳು, ಹೆತ್ತೂರು ಕಡೆಯ ಹುಲಿಯಮ್ಮ. ಬೋರಯ್ಯನ ಮುಂದೆ ನಿಂತು ಕೈ ಮುಗಿದುಬಿಟ್ಟಳು.

"ನೀವು ಬರ್ಲಿಲ್ಲ ಅಂತ ನಮ್ಮನ್ನ ಬೇಗ ಕರೆದ್ರು ಅಣ್ಣಯ್ಯ. ಇಲ್ದಿದ್ರೆ ನಮ್ಗೆ ಇನ್ನೂ ತಿಂಗಳು ಆಗ್ತಿತ್ತು. ನಿಮ್ಮಿಂದ ದೊಡ್ಡ ಉಪಕಾರ ಆಯ್ತು."

ಅವಳ ಮಗ ಪ್ರವೀಣ ಮಧುಶ್ರೀಗಿಂತ ದೊಡ್ಡವನು. ಆಸ್ಪತ್ರೆಯ ದೊಗಲೆ ಅಂಗಿ ಹಾಕಿಕೊಂಡು ಹಾಸಿಗೆಯ ಮೇಲೆ ಕೂತು ಕಿಟಕಿಯಿಂದ ಕೆಳಗೆ ನೋಡುತ್ತಿದ್ದ. ನಾವು ಹೊತ್ತು ತಂದ ಹಲಸಿನ ಹಣ್ಣು ಅವನಿಗೆ ಕಂಡಿತ್ತು. "ನಂಗೂ ಕೊಡ್ತೀರಾ?" ಎಂದ. ಸೋಮವಾರ ಆಪರೇಷನ್ ಇದ್ದುದರಿಂದ ನರ್ಸಮ್ಮ ಬೇಡ ಎಂದರು. "ಆಪರೇಷನ್ ಆದ್ಮೇಲೆ ತಿನ್ನುವಂತೆ ಕಣೋ ಮಗ, ನಾನು ಎತ್ತಿಟ್ಟಿರ್ತೀನಿ," ಎಂದು ಬೋರಯ್ಯ ಮಾತು ಕೊಟ್ಟ.

ನಾವು ಉಳಿದುಕೊಂಡಿದ್ದು ಆಸ್ಪತ್ರೆ ಹಿಂದಿನ ಛತ್ರದಲ್ಲಿ. ಅಲ್ಲಿ ಭಾನುವಾರ ಬೋರಯ್ಯ ಕೈಗೆ ಎಣ್ಣೆ ಹಚ್ಚಿಕೊಂಡು ಹಣ್ಣು ಬಿಡಿಸಿ ಅಲ್ಲಿದ್ದವರಿಗೆಲ್ಲ ಹಂಚಿದ. ರಾಯಚೂರಿನವರು, ಕೋಲಾರದವರು, ಎಲ್ಲೆಲ್ಲಿಯವರೋ ತಿಂದು ಹೊಗಳಿದರು. ಎರಡು ತೊಳೆ ಪ್ರವೀಣನಿಗೆ ಎಂದು ಎತ್ತಿಟ್ಟ. ಆ ಎರಡು ದಿನ ಅವನು ಕೂತದ್ದನ್ನು ನಾನು ನೋಡಲಿಲ್ಲ. ಆಸ್ಪತ್ರೆಯ ಅಂಗಳದ ಹೂಗಿಡಗಳ ಬುಡದ ಕಳೆ ಕಿತ್ತ, ಮಾಲಿ ಬಂದು ಬೈದ ಮೇಲೆ ಬಿಟ್ಟ. ಟ್ರಸ್ಟಿನ ಆಫೀಸಿಗೆ ಎರಡು ಸಲ ಹೋಗಿ ದಾನಿಯ ಹೆಸರು ಕೇಳಿ ಬಂದ.

ಸೋಮವಾರ ಬೆಳಿಗ್ಗೆ ಪ್ರವೀಣನನ್ನು ಒಳಗೆ ಕರೆದೊಯ್ದರು. ಆಪರೇಷನ್ ಆಯಿತು, ಹುಡುಗ ಕಣ್ಣು ಬಿಡಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಡಾಕ್ಟರೇ ಹೊರಗೆ ಬಂದು ಹುಲಿಯಮ್ಮನ ಮುಂದೆ ಕೂತು ಹುಡುಗ ಹೋದ ಸುದ್ದಿ ಹೇಳಿದರು. ಅವನ ಹೃದಯದ ತೊಂದರೆ ಬೇರೆ ಮಕ್ಕಳ ಹಾಗಿರಲಿಲ್ಲ, ಮೊದಲೇ ಹೇಳಿದ್ದೆವಲ್ಲಮ್ಮ, ನಮ್ಮ ಕೈಲಾದದ್ದನ್ನೆಲ್ಲ ಮಾಡಿದೆವು ಎಂದರು. ಹೇಳುವಾಗ ಅವರ ಕಣ್ಣಿನಲ್ಲೂ ನೀರಿತ್ತು. ಹುಲಿಯಮ್ಮ ಅಳಲಿಲ್ಲ. ಮಗನ ಚಪ್ಪಲಿ ಎಲ್ಲಿ ಎಂದು ಹುಡುಕಿದಳು, ಮಂಚದ ಕೆಳಗೆ ಸಿಕ್ಕಿತು, ಸೆರಗಿನಲ್ಲಿ ಕಟ್ಟಿಕೊಂಡಳು. ಟ್ರಸ್ಟಿನ ವ್ಯಾನು ಹತ್ತುವ ಮುಂಚೆ ಮಾದೇವಮ್ಮನ ಕೈ ಹಿಡಿದು, "ನಿಮ್ ಮಗು ಹುಷಾರಾಗ್ಲಿ ಕಣಕ್ಕ," ಎಂದು ಹೇಳಿ ಹೋದಳು. ಬೋರಯ್ಯ ಮರೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ.

ಮುಂದಿನ ವಾರ ಹಾಸಿಗೆ ಖಾಲಿಯಾಗಿ ಮಧುಶ್ರೀಗೆ ಆಪರೇಷನ್ ಆಯಿತು. ಎಲ್ಲ ಸರಿ ಹೋಯಿತು. ತುಟಿಗೆ ಬಣ್ಣ ಬಂತು. ದೀಪಾವಳಿ ಹೊತ್ತಿಗೆ ಏರನ್ನು ತಾನೇ ಹತ್ತಿ ಬಂದು ನನ್ನ ಜೀಪಿನ ಹಾರನ್ ಒತ್ತಿದಳು. ಅವತ್ತು ಮಾದೇವಮ್ಮ ಜೀಪಿನಲ್ಲಿದ್ದವರಿಗೆಲ್ಲ ಸಕ್ಕರೆ ಹಂಚಿದಳು. ಯಾರೋ ಪುಣ್ಯಾತ್ಮರು ಮಾಡಿದ್ದು, ಅವರು ತಣ್ಣಗಿರಲಿ ಎಂದಳು. ಅವಳ ಪಾಲಿಗೆ ಕತೆ ಅಲ್ಲಿಗೆ ಮುಗಿಯಿತು. ಬೋರಯ್ಯನಿಗೆ ಅಲ್ಲಿಂದ ಶುರು. "ಆ ದಿನ ನನ್ ಮಗಳದ್ದು ಕಣೋ ಜಯಾ. ಅವಳ ದಿನಕ್ಕೆ ಆ ಹುಡ್ಗ ಹೋದ," ಎನ್ನುವನು. ಡಾಕ್ಟರು ಹೇಳಿದ್ದನ್ನು ನಾನು ಎಷ್ಟು ಸಲ ನೆನಪಿಸಿದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ದಾನಿಯ ಹೆಸರು ಕೇಳುವುದನ್ನು ಮಾತ್ರ ನಿಲ್ಲಿಸಿದ.

ಮರುವರ್ಷ ನಾಟಿ ಕಾಲದಲ್ಲಿ ಒಂದು ದಿನ ಬೆಳಿಗ್ಗೆ ಗುದ್ದಲಿ ಹಿಡಿದು ನನ್ನ ಜೀಪಿಗೆ ಬಂದ. ಸಕಲೇಶಪುರದಲ್ಲಿ ಇಳಿದು ಹೆತ್ತೂರಿನ ಬಸ್ಸು ಹತ್ತಿದ. ಅಲ್ಲಿ ಹುಲಿಯಮ್ಮನ ಊರು ಹುಡುಕಿ, ಅವಳ ಗದ್ದೆಗಿಳಿದು, ಸಂಜೆಯ ತನಕ ಬದು ಕಡಿದು, ಸಸಿ ಹೊತ್ತು ಬಂದನಂತೆ. ಹುಲಿಯಮ್ಮನೂ ಅವಳ ಗಂಡ ತಿಮ್ಮಯ್ಯನೂ ಏನೋ ಪ್ರೀತಿಗೆ ಬಂದಿದ್ದಾನೆ ಎಂದು ಊಟ ಹಾಕಿ ಕಳಿಸಿದರು. ಹೊರಡುವಾಗ ಹುಲಿಯಮ್ಮ, "ನಿಮ್ ನಾಟಿ ಯಾವತ್ತು ಅಣ್ಣಯ್ಯ, ನಾವೂ ಬತ್ತೀವಿ," ಎಂದಳು. ಇವನು "ನಮ್ದು ಮುಗೀತು" ಎಂದ. ಮುಗಿದಿರಲಿಲ್ಲ. ಅದರ ಮುಂದಿನ ವರ್ಷವೂ ಹೋದ, ಅದರ ಮುಂದಿನ ವರ್ಷವೂ. ಪ್ರತಿ ಸಲವೂ ಅವಳು ಕೇಳುವಳು, ಇವನು ಮುಗೀತು ಅನ್ನುವನು. ಹೆತ್ತೂರಿನ ಮಳೆ ಎಂಥದ್ದೆಂದು ಗೊತ್ತಿದ್ದವರಿಗೆ ಗೊತ್ತು. ಮಳೆಗೆ ತಲೆಯಿಂದ ಇಳಿಬಿಟ್ಟ ಕೊಪ್ಪೆಯ ಕಂಬಳಿ ಹಿಂಡಿದರೆ ಕೊಡ ತುಂಬುವಷ್ಟು ನೆನೆದು, ಮೈ ನಡುಗಿಸಿಕೊಂಡು ಬಂದು ನನ್ನ ಜೀಪಿನ ಹಿಂದೆ ನೇತಾಡುವನು. "ಸಾಕು ಮಾಡೋ ಮಾರಾಯ," ಎಂದರೆ ನನ್ನ ಮೇಲೆಯೇ ಹರಿಹಾಯುವನು.

ಹೀಗೇ ಏಳು ನಾಟಿ ಕಳೆದವು. ಎಂಟನೆಯ ವರ್ಷ, ಸಕಲೇಶಪುರದ ಬಸ್ ಸ್ಟಾಂಡಿನ ಹತ್ತಿರ ನಾನು ಹಾನುಬಾಳು ಹಾನುಬಾಳು ಎಂದು ಕೂಗುತ್ತಿದ್ದಾಗ ಹುಲಿಯಮ್ಮ ಎದುರಿಗೆ ಬಂದು ನಿಂತಳು. ತಲೆಗೂದಲು ಅರ್ಧ ಬೆಳ್ಳಗಾಗಿತ್ತು.

"ನೀವು ಬೋರಣ್ಣನ ಜೊತೆ ಆಸ್ಪತ್ರೆಗೆ ಬಂದೋರಲ್ವಾ? ಅವರ ನಾಟಿ ಯಾವತ್ತು, ಸತ್ಯ ಹೇಳಿ."

"ನಾಳಿದ್ದು," ಎಂದೆ. ನನಗೂ ಸಾಕಾಗಿಹೋಗಿತ್ತು.

ಹೇಳಿದ ದಿನ ಬೆಳಗಿನ ಮೊದಲ ಟ್ರಿಪ್ಪಿಗೇ ಅವಳೂ ತಿಮ್ಮಯ್ಯನೂ ಬಂದರು. ನಾನು ಜೀಪನ್ನು ಬೋರಯ್ಯನ ಏರಿನ ಮೇಲೆ ನಿಲ್ಲಿಸಿ, ಉಳಿದ ಜನ ಗೊಣಗಿದರೆ ಗೊಣಗಲಿ ಎಂದು ಇವರ ಹಿಂದೆ ಗದ್ದೆಗೆ ಇಳಿದೆ. ಪರಮಶಿವಯ್ಯನ ಮನೆಯ ಹೆಂಗಸರು ಆಗಲೇ ಸಾಲು ಹಿಡಿದಿದ್ದರು. ಹುಲಿಯಮ್ಮನನ್ನು ಕಂಡು ಬೋರಯ್ಯ ಸಸಿಯ ಕಟ್ಟನ್ನು ಕೈಬಿಟ್ಟ.

"ನೀನ್ಯಾಕವ್ವ ಬಂದೆ?"

"ಯಾಕೆ ಅಂದ್ರೆ? ಏಳು ವರ್ಷದಿಂದ ನಮ್ ಗದ್ದೇಲಿ ದುಡಿದಿದ್ದೀಯ. ನಾಟಿ ಯಾವತ್ತು ಅಂತ ಕೇಳಿದ್ರೆ ಸುಳ್ಳು ಹೇಳ್ತೀಯ. ನಮ್ಮೂರಲ್ಲಿ ಜನ ಏನಂತಾರೆ ಗೊತ್ತಾ? ಹುಲಿಯಮ್ಮಂಗೆ ಯಾರೋ ಧರ್ಮಕ್ಕೆ ನೆಟ್ಟುಕೊಡ್ತಾರೆ ಅಂತಾರೆ. ನಾನೇನು ಭಿಕ್ಷೆ ಕೇಳಿದ್ನಾ ನಿನ್ನ?"

ಗದ್ದೆಯಲ್ಲಿ ಬಗ್ಗಿದ್ದವರೆಲ್ಲ ಸೊಂಟ ನೆಟ್ಟಗೆ ಮಾಡಿ ನಿಂತರು. ಬೋರಯ್ಯ ಬಿದ್ದ ಸಸಿಯ ಕಟ್ಟನ್ನು ಎತ್ತಿ ಬದುವಿನ ಮೇಲಿಟ್ಟ. ಕೊನೆಗೆ ಬಾಯಿ ಬಿಟ್ಟ.

"ಆ ಗುರುವಾರ ನನ್ ಮಗಳದ್ದು ಕಣವ್ವ. ನಾನು ಪರಮಶಿವಯ್ಯನ ನಾಟಿಗೋಸ್ಕರ ಹೋಗ್ಲಿಲ್ಲ. ಹೋಗಿದ್ರೆ ನಿನ್ ಮಗನ್ನ ಅವತ್ತು ಕರೀತಿರ್ಲಿಲ್ಲ."

"ಕರೀದೆ ಇದ್ದಿದ್ರೆ ನಮ್ಮನೇಲೇ ಹೋಗ್ತಿದ್ದ," ಎಂದಳು ಹುಲಿಯಮ್ಮ. "ಅವತ್ತಿನ ಹಿಂದಿನ ವಾರ ಎರಡು ಸಲ ಉಸಿರು ನಿಂತಿತ್ತು. ಹೆತ್ತೂರಿನ ಮಳೇಲಿ, ರಸ್ತೆ ಮೇಲೆ ಮರ ಬಿದ್ದು, ಡಾಕ್ಟರ ಮುಖ ಕಾಣದೆ ಹೋಗ್ತಿದ್ದ. ಮಾಡೋದೆಲ್ಲ ಮಾಡ್ದೆ ಅನ್ನೋ ಒಂದು ಸಮಾಧಾನ ಐತೆ ನಂಗೆ. ಅದು ನೀನು ಬಿಟ್ಟುಕೊಟ್ಟ ದಿನದಿಂದ ಬಂದಿದ್ದು. ಅದಕ್ಕೇ ಅವತ್ತು ಕೈ ಮುಗಿದೆ. ನೀನು ನೋಡಿದ್ರೆ ಅದನ್ನೂ ಪಾಪ ಮಾಡ್ಕೊಂಡು ಕೂತಿದ್ದೀಯ. ಆ ಟ್ರಸ್ಟಿನೋರು ನಮಗೂ ಮಾಡಿದ್ರು. ನಮ್ಮ ಹುಡ್ಗ ಉಳೀಲಿಲ್ಲ ಅಂತ ಅವರೇನು ನಮ್ಮ ಬದು ಕಡಿಯಕ್ಕೆ ಬಂದ್ರಾ?"

ಅಲ್ಲಿದ್ದ ಒಬ್ಬಿಬ್ಬರಿಗೆ ನಗು ಬಂತು, ತಡೆದುಕೊಂಡರು. ಹುಲಿಯಮ್ಮ ಸೀರೆ ಎತ್ತಿ ಕಟ್ಟಿ ಗದ್ದೆಗಿಳಿದಳು. ಮಧುಶ್ರೀ ಆಗ ಹೈಸ್ಕೂಲು ಹುಡುಗಿ, ಹೆಂಗಸರ ಸಾಲಿನ ಕೊನೆಯಲ್ಲಿದ್ದಳು. ಹುಲಿಯಮ್ಮ ನೇರ ಹೋಗಿ ಅವಳ ಪಕ್ಕದಲ್ಲೇ ಸಾಲು ಹಿಡಿದಳು. ದಿನವಿಡೀ ಅವರಿಬ್ಬರ ನಡುವೆ ನಡೆದ ಮಾತೆಂದರೆ "ಸೊಟ್ಟ ನೆಡಬ್ಯಾಡ ಕಣೇ," "ಆಯ್ತು ಅತ್ತೆ," ಇಷ್ಟೇ ಎಂದು ಮಾದೇವಮ್ಮ ಆಮೇಲೆ ಹೇಳಿದಳು. ಊಟಕ್ಕೆ ಕೂತಾಗ ಮಾತ್ರ ಹುಲಿಯಮ್ಮ ತನ್ನ ಎಲೆಯ ಹಪ್ಪಳವನ್ನು ಹುಡುಗಿಯ ಎಲೆಗೆ ಹಾಕಿದಳಂತೆ.

ಸಂಜೆ ಕೊನೆಯ ಟ್ರಿಪ್ಪಿಗೆ ನಾನು ಮತ್ತೆ ಏರಿನ ಮೇಲೆ ಬಂದು ನಿಂತೆ. ಮಳೆ ಬಿಟ್ಟಿತ್ತು. ಹುಲಿಯಮ್ಮನೂ ತಿಮ್ಮಯ್ಯನೂ ನಿಧಾನವಾಗಿ ಹತ್ತಿ ಬಂದರು, ಹಿಂದೆ ಬೋರಯ್ಯ. ಜೀಪಿನ ಹತ್ತಿರ ಹುಲಿಯಮ್ಮ ಅವನಿಗೆ ಖಡಾಖಂಡಿತ ಹೇಳಿದಳು.

"ಇವತ್ತಿಗೆ ನಂದು ಒಂದು ದಿನ ತೀರ್ತು. ಇನ್ನು ಆರು ಬಾಕಿ ಐತೆ. ವರ್ಷಾ ವರ್ಷಾ ಬತ್ತೀನಿ. ನೀನು ನಮ್ ಕಡೆ ತಲೆ ಹಾಕ್ಬ್ಯಾಡ. ಅನ್ನ ಹಾಕಿ ಕಳಿಸೋದು ನಿನ್ ಕೆಲಸ, ಸುಮ್ನೆ ಇಸ್ಕೊಳ್ಳೋದು ಕಲಿ."

ಬೋರಯ್ಯ ತಲೆಯಾಡಿಸಿದ. ರಸ್ತೆಯ ಪಕ್ಕ ಒಂದು ಕಲ್ಲಿತ್ತು, ಅದರ ಮೇಲೆ ಕೂತುಕೊಂಡ.

ಅಷ್ಟರಲ್ಲಿ ಹುಲಿಯಮ್ಮ ಮರೆತು ಬಂದಿದ್ದ ಎಲೆ ಅಡಿಕೆ ಚೀಲ ಹಿಡಿದು ಮಧುಶ್ರೀ ಕೆಳಗಿನಿಂದ ಓಡಿ ಬಂದಳು. ಚೀಲ ಕೊಟ್ಟು, ಹಣೆಯ ಕೂದಲು ಹಿಂದಕ್ಕೆ ತಳ್ಳಿಕೊಂಡು ನಿಂತಳು. ಹುಲಿಯಮ್ಮ ಅವಳ ತುಟಿಯನ್ನೇ ನೋಡಿದಳು.

"ಏದುಸಿರು ಬರಲ್ವೇನೇ ನಿಂಗೆ?"

"ಇಲ್ಲ ಅತ್ತೆ."

ಹುಲಿಯಮ್ಮ ಜೀಪಿಗೆ ಇಟ್ಟಿದ್ದ ಕಾಲನ್ನು ಕೆಳಗಿಳಿಸಿದಳು.

"ಇನ್ನೊಂದ್ಸಲ ಹತ್ತಿ ಬಾ ಮಗ. ನೋಡ್ತೀನಿ."

ಮಧುಶ್ರೀ ಅಪ್ಪನ ಮುಖ ನೋಡಿದಳು. ಆಮೇಲೆ ನಗುತ್ತಾ ಗದ್ದೆಯ ತನಕ ಇಳಿದು ಹೋಗಿ, ಅಲ್ಲಿಂದ ತಿರುಗಿ ಮೇಲಕ್ಕೆ ಓಡತೊಡಗಿದಳು. ನಾನು ಜೀಪಿನ ಎಂಜಿನ್ ಆರಿಸಿದೆ.